ಕುದುರೆಗಳ ಕೆಸರುಹುಣ್ಣು: ಅದರ ನಿದಾನ, ಚಿಕಿತ್ಸೆ ಮತ್ತು ನಿವಾರಣೆ

ಮಳೆಗಾಲದಲ್ಲಿ ಕುದುರೆಯ ಕಾಲಿಗೆ, ವಿಶೇಷವಾಗಿ ಗೊರಸಿನ ಮೇಲ್ಗಡೆ ಹಿಮ್ಮಗ್ಗುಲಲ್ಲಿರುವ ಕುಳಿಗೆ, ಹಕ್ಕಳೆಗಟ್ಟುವ ಒಂದು ಬಗೆಯ ಹುಣ್ಣು ಹುಟ್ಟುವದುಂಟು. ಇಂಗ್ಲಿಷರು ಇದನ್ನು 'ಮಡ್ ಫೀವರ್', ಎಂದರೆ ಕೆಸರಿನ ಜ್ವರವೆಂದು ಕರೆದರು. ಈ ಹೆಸರಿನೊಳಗಿನ ಎರಡು ಪದಗಳೂ ದಾರಿ ತಪ್ಪಿಸತಕ್ಕವುಗಳು. ಸಾಧಾರಣವಾಗಿ ಈ ರೋಗದಲ್ಲಿ ಜ್ವರವಿರುವದಿಲ್ಲ; ಜ್ವರ ಬಂದರೆ ರೋಗವು ಚರ್ಮವನ್ನು ದಾಟಿ ಒಳಕ್ಕೆ ಇಳಿದಿದೆಯೆಂದು ತಿಳಿಯಬೇಕು. ಇನ್ನು ಕೆಸರೆಂಬುದು ರೋಗದ ಮೂಲವಲ್ಲ, ರೋಗಕ್ಕೆ ಸಹಾಯಕ ಮಾತ್ರ. ಮೂಲವು ಬಿಡದೆ ಉಳಿದ ಒದ್ದೆ ಮತ್ತು ಒದ್ದೆಯಿಂದ ಮೆತ್ತಗಾಗಿ ಒಡೆದ ಚರ್ಮ. ಈ ಭೇದವು ಕೇವಲ ಶಬ್ದವಿಚಾರಕ್ಕೆ ಸೇರಿದುದಲ್ಲ. ಕೆಸರೇ ಶತ್ರುವೆಂದು ಭಾವಿಸಿದವನು ದಿನಾಲು ಸಂಜೆಗೆ ಕುದುರೆಯ ಕಾಲನ್ನು ತಿಕ್ಕಿ ತೊಳೆಯುವನು. ಒದ್ದೆಯೇ ಶತ್ರುವೆಂದು ಅರಿತವನು ಒಣಗಿಸುವನು. ಮೊದಲನೆಯವನ ಕುದುರೆ ಕುಂಟುವದಕ್ಕೂ ಎರಡನೆಯವನ ಕುದುರೆ ನಡೆಯುವದಕ್ಕೂ ಅನೇಕ ಸಲ ಇಷ್ಟೇ ಕಾರಣವಾಗಿರುತ್ತದೆ. ಹಳೆಯ ಇಂಗ್ಲಿಷ್ ಹೆಸರನ್ನು ಬಿಟ್ಟು, ಜ್ವರದ ಸುದ್ದಿಯಿಲ್ಲದ 'ಕೆಸರುಹುಣ್ಣು' ಎಂಬ ಪದವನ್ನು ಇಲ್ಲಿ ಬಳಸಲಾಗಿದೆ.

ಧಾರವಾಡ ಜಿಲ್ಲೆಯು ಈ ರೋಗದ ಸ್ವಭಾವವನ್ನು ತಿಳಿಯುವದಕ್ಕೆ ಅನುಕೂಲವಾದ ಪ್ರದೇಶವಾಗಿದೆ. ಏಕೆಂದರೆ ಇಲ್ಲಿಯ ನೆಲವೂ ಮಳೆಯೂ ಒಂದೇ ಬಗೆಯವಲ್ಲ. ಪೂರ್ವದಲ್ಲಿ ನವಲಗುಂದ, ಅಣ್ಣಿಗೇರಿಗಳ ಸುತ್ತ ಹಬ್ಬಿರುವದು ಎರೆಭೂಮಿ. ಅಲ್ಲಿ ಮಳೆ ಕಡಿಮೆ, ಆದರೆ ಬಿದ್ದ ಮಳೆಗೆ ನೆಲವೆಲ್ಲ ಅಂಟು. ಪಶ್ಚಿಮಕ್ಕೆ ಕಲಘಟಗಿಯ ಕಡೆಗೆ ಸಾಗಿದಂತೆ ಮಳೆ ಹೆಚ್ಚುವದು, ಬತ್ತದ ಭೂಮಿಗಳು ತೋರುವವು, ಕಾಡಿನ ಅಂಚು ಹತ್ತಿರವಾಗುವದು. ಬಮ್ಮಿಗಟ್ಟಿಯು ಈ ಕಲಘಟಗಿ ತಾಲೂಕಿನ ಗ್ರಾಮ. ಬಯಲುಸೀಮೆ ಮುಗಿದು ಮಲೆನಾಡು ಇನ್ನೂ ಮೊದಲಾಗದ ಅರೆಮಲೆನಾಡಿನ ಪಟ್ಟಿಗೆ ಸೇರಿದುದು. ಈ ಪಟ್ಟಿಯಲ್ಲಿ ಆರಿದ್ರಾ ಮಳೆಯಿಂದ ಹಿಡಿದು ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳ ವರೆಗೆ, ಎಂದರೆ ಜೂನ್ ತಿಂಗಳ ಕೊನೆಯಿಂದ ಅಗಸ್ಟದ ನಡುವಿನ ವರೆಗೆ, ದಿನಗಟ್ಟಲೆ ಬಿಸಿಲು ಕಾಣದೆ ಜಿಟಿಜಿಟಿ ಹನಿ ಹಿಡಿದುಬಿಡುವದುಂಟು.

ಕೆಸರುಹುಣ್ಣಿಗೆ ಮಳೆಯ ಅಳತೆಗಿಂತ ಮಳೆಯ ರೀತಿಯೇ ಹೆಚ್ಚು ಮುಖ್ಯವಾದುದು. ನವಲಗುಂದದಲ್ಲಿ ಒಂದು ಮಧ್ಯಾಹ್ನ ಸುರಿದು ಮರುದಿನ ಬಿಸಿಲು ಬಿದ್ದರೆ ಕುದುರೆಯ ಕಾಲು ಒಣಗಿ ಹೋಗುವದು. ಬಮ್ಮಿಗಟ್ಟಿಯ ಕಡೆಯ ಹದಿನೈದು ದಿನಗಳ ಸಣ್ಣ ಹನಿಯಲ್ಲಿ ಅದೇ ಕಾಲಿಗೆ ಒಣಗುವದಕ್ಕೆ ಎಡೆಯೇ ಸಿಗುವದಿಲ್ಲ. ಆದರೂ ಎರೆಯ ದೋಷವನ್ನು ಮರೆಯಲಾಗದು. ಎರೆಮಣ್ಣಿನಲ್ಲಿರುವ ಜೇಡಿಯು ನೀರು ಕುಡಿದು ಉಬ್ಬುವ ಜಾತಿಯದು. ಅದು ನೀರನ್ನು ಬೇಗ ಬಿಟ್ಟುಕೊಡುವದಿಲ್ಲ. ಕಾಲಿನ ಕೂದಲಿಗೆ ಮೆತ್ತಿಕೊಂಡ ಎರೆಯ ರಾಡಿಯು ಒಂದು ಒದ್ದೆಪಟ್ಟಿಯಂತೆ ಚರ್ಮಕ್ಕೆ ನೀರನ್ನು ಅದುಮಿ ಹಿಡಿಯುವದು. ಒಣಗುವಾಗ ಕುಗ್ಗಿ ಕೂದಲನ್ನು ಜಗ್ಗುವದು. ಒಣಗಿದ ಮೇಲೆ ಅದರ ಹೆಂಟೆಯು ನಡೆಯುವಾಗ ಚರ್ಮವನ್ನು ಉಜ್ಜುವದು. ಮಸಾರಿಯ ನೆಲದಲ್ಲಿ ಈ ಅಂಟು ಕಡಿಮೆಯಾದರೂ ಅದರೊಳಗಿನ ಹರಳು ಚರ್ಮವನ್ನು ಗೀರುವದು. ಒದ್ದೆ ಮತ್ತು ಗೀರು, ಇವೆರಡೂ ಕೂಡಿದಲ್ಲಿ ರೋಗಕ್ಕೆ ಬಾಗಿಲು ತೆರೆದಂತೆಯೇ ಸರಿ.

ಕುದುರೆಯು ಈ ಸೀಮೆಗೆ ಹೊಸದಲ್ಲ. ಊರೂರ ವೀರಗಲ್ಲುಗಳಲ್ಲಿ ಕುದುರೆಯೇರಿದ ಬಂಟರನ್ನು ಕಾಣಬಹುದು. ಆದರೆ ಕುದುರೆಯು ಮೂಲತಃ ಒಣನಾಡಿನ ಪ್ರಾಣಿ, ಕರ್ಣಾಟಕದ ಅರಸರು ಬಯಸಿದ ಮೇಲುಜಾತಿಯ ಕುದುರೆಗಳಂತೂ ಅರಬಸ್ತಾನ, ಹೊರ್ಮುಜಗಳಿಂದ ಹಡಗಿನಲ್ಲಿ ಬಂದವುಗಳು. ಅವು ಭಟಕಳ, ಗೋವೆ ಮೊದಲಾದ ಬಂದರಗಳಲ್ಲಿ ಇಳಿದು, ಘಟ್ಟವನ್ನೇರಿ, ಒಳನಾಡಿಗೆ ಬರುತ್ತಿದ್ದವು. ವಿಜಯನಗರದ ಅರಸನು ವರ್ಷಕ್ಕೆ ೧೩,೦೦೦ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ತುಗೀಜ ವರ್ತಕನಾದ ನ್ಯೂನಿಜನು ಬರೆದಿಟ್ಟಿರುವನು. ಇಷ್ಟು ಕುದುರೆಗಳು ವರ್ಷವರ್ಷವೂ ಏಕೆ ಬೇಕಾಗುತ್ತಿದ್ದವೆಂಬ ಪ್ರಶ್ನೆಗೆ ಯುದ್ಧವೊಂದೇ ಉತ್ತರವಲ್ಲ. ೧೩ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೋ ಪೋಲೋ, ಅಲ್ಲಿಯ ಅರಸರು ಸಾವಿರಗಟ್ಟಲೆ ಕೊಂಡ ಕುದುರೆಗಳಲ್ಲಿ ವರ್ಷ ಮುಗಿಯುವಷ್ಟರಲ್ಲಿ ನೂರು ಕೂಡ ಉಳಿಯುವದಿಲ್ಲವೆಂದೂ, ಅವುಗಳ ಆರೈಕೆಯನ್ನು ಬಲ್ಲವರು ಅಲ್ಲಿಲ್ಲವೆಂದೂ ಹೇಳಿರುವನು. ಪ್ರವಾಸಿಕನ ಮಾತಿನಲ್ಲಿ ಉತ್ಪ್ರೇಕ್ಷೆಯನ್ನು ಕಳೆಯಬೇಕಾದುದೇ. ಆದರೂ ಒಣಹವೆಯ ಪ್ರಾಣಿಯನ್ನು ಹಸಿಹವೆಯ ನಾಡಿಗೆ ತಂದು ಸಾಕುವದು ಕಠಿನವೆಂಬುದನ್ನು ಅಲ್ಲಗಳೆಯುವ ಕಾರಣವಿಲ್ಲ.

ಆರೈಕೆಯ ವಿದ್ಯೆಯೇ ಇರಲಿಲ್ಲವೆಂಬುದನ್ನು ಮಾತ್ರ ಕನ್ನಡ ನಾಡಿನ ಮಟ್ಟಿಗೆ ಒಪ್ಪಲಾಗದು. ಚಾಳುಕ್ಯ ರಾಜವಂಶದ ಕೀರ್ತಿವರ್ಮನು ೧೨ನೆಯ ಶತಮಾನದ ಆರಂಭದ ಸುಮಾರಿಗೆ 'ಗೋವೈದ್ಯ'ವನ್ನು ರಚಿಸಿದನು. ಅಶ್ವವೈದ್ಯವನ್ನು ಕುರಿತು ಸುಮಾರು ೧೪೦೦ರಲ್ಲಿ ಅಭಿನವಚಂದ್ರನೂ, ೧೭ನೆಯ ಶತಮಾನದಲ್ಲಿ 'ಹಯಸಾರಸಮುಚ್ಚಯ'ವೆಂಬ ಹೆಸರಿನಿಂದ ಪದ್ಮಣಪಂಡಿತನೂ ಕನ್ನಡದಲ್ಲಿ ಬರೆದರು. ಸಂಸ್ಕೃತದ ಶಾಲಿಹೋತ್ರದ ಪರಂಪರೆಯು ದೇಶಭಾಷೆಯಲ್ಲಿ ಇಳಿದು ಬಂದುದಕ್ಕೆ ಇವು ಸಾಕ್ಷಿ. ಇವು ಪಂಡಿತರ ಕಪಾಟಿನಲ್ಲಿ ಉಳಿದು ಪಶುವೈದ್ಯರ ಕೈಗೆ ಬಾರದೆ ಹೋದುದು ವಿಷಾದದ ಸಂಗತಿ.

ಮಳೆಗಾಲದ ಎರೆಯಲ್ಲಿ ಕುದುರೆಯನ್ನು ದುಡಿಸುವದೆಂದರೇನೆಂಬುದಕ್ಕೆ ಇದೇ ಜಿಲ್ಲೆಯ ಇತಿಹಾಸದಲ್ಲಿ ಒಂದು ಪ್ರಸಂಗವಿದೆ. ೧೮೦೦ರಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಧೋಂಡಿಯಾ ವಾಘನನ್ನು ಬೆನ್ನಟ್ಟಿ ತುಂಗಭದ್ರೆಯನ್ನು ದಾಟಿ ಬಂದುದು ಮಳೆಗಾಲದ ಆರಂಭಕ್ಕೆ. ಕುಂದಗೋಳದ ಕೋಟೆಯು ಅವನ ಕೈಸೇರಿದುದು ಜುಲೈ ತಿಂಗಳಲ್ಲಿ. ಧೋಂಡಿಯಾನು ಮಡಿದುದು ಸಪ್ಟೆಂಬರದಲ್ಲಿ. ಈ ಓಟವೆಲ್ಲ ರಾಹುತರ ಓಟ. ಎರೆಯ ರಾಡಿಯನ್ನೂ ತುಂಬಿದ ಹೊಳೆಗಳನ್ನೂ ಎರಡೂ ಪಕ್ಷದ ಕುದುರೆಗಳು ಸಮಾನವಾಗಿ ತುಳಿದವು.

ಇಂದು ರಾಹುತರಿಲ್ಲ. ಹುಬ್ಬಳ್ಳಿ ಧಾರವಾಡಗಳ ಟಾಂಗಾಗಳನ್ನು ಆಟೋರಿಕ್ಷಾಗಳು ಹಿಂದಕ್ಕೆ ತಳ್ಳಿದವು. ಮದುವೆಯ ಮೆರವಣಿಗೆಗೆಂದು ಸಾಕಿದ ಕುದುರೆಗಳು ಅಲ್ಲಲ್ಲಿ ಉಂಟು. ಆದರೆ ಕುದುರೆಯ ಕಾಲನ್ನು ಇನ್ನೂ ಜೀವನಾಧಾರವಾಗಿ ನಂಬಿದವರೆಂದರೆ ಉತ್ತರ ಕರ್ಣಾಟಕದ ಸಂಚಾರಿ ಕುರಿಗಾರರು. ಇವರ ತಟ್ಟುಗಳು ದಖ್ಖನಿ ಜಾತಿಯವು. ಭೀಮಾನದಿಯ ದಂಡೆಯ ಹೆಸರಿನಿಂದ ಭೀಮಥಡಿ ಎನಿಸಿಕೊಂಡವು. ಗಾತ್ರದಲ್ಲಿ ಸಣ್ಣವು, ಗಟ್ಟಿ ಗೊರಸಿನವು, ಅಲ್ಪಾಹಾರದಲ್ಲಿ ಬದುಕತಕ್ಕವು. ಹಾಸಿಗೆ, ಕಂಬಳಿ, ಪಾತ್ರೆ, ಬಲೆ, ನಡೆಯಲಾರದ ಮರಿ, ಕೆಲವೊಮ್ಮೆ ಕೂಸು, ಎಲ್ಲವೂ ತಟ್ಟುವಿನ ಬೆನ್ನ ಮೇಲೆಯೇ ಸಾಗುವವು. ಹೀಗಿರುವಾಗ ಒಂದು ತಟ್ಟು ಕುಂಟಿತೆಂದರೆ ಒಂದು ಸಂಸಾರದ ಪ್ರಯಾಣವೇ ನಿಂತಿತು. ಹಿಂಡು ಮುಂದಕ್ಕೆ ಹೋಗಲೇಬೇಕು, ಹೇರು ಹೆಂಗಸರ ತಲೆಗೆ ಬರುವದು. ಗೊರಸಿನ ಹಿಂದಿನ ಎರಡಂಗುಲದ ಹುಣ್ಣು ಅಲ್ಪವಾದುದಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಿಲ್ಲ.

ಇನ್ನು ರೋಗವು ಹುಟ್ಟುವ ಬಗೆ. ಚರ್ಮದ ಹೊರಪದರವು ಸತ್ತ ಕಣಗಳ ಒಂದು ತೆಳುವಾದ ಗೋಡೆ. ಅದರ ಮೇಲೆ ಮೈಯೊಳಗಿಂದ ಜಿನುಗಿದ ಜಿಡ್ಡಿನ ಲೇಪವಿರುತ್ತದೆ. ಒಣಗಿರುವ ವರೆಗೆ ಈ ಗೋಡೆಯನ್ನು ಸೂಕ್ಷ್ಮಜೀವಿಗಳು ಸುಲಭವಾಗಿ ದಾಟಲಾರವು. ಬಹಳ ಹೊತ್ತು ಒದ್ದೆಯಲ್ಲಿದ್ದರೆ ಜಿಡ್ಡು ತೊಳೆದುಹೋಗಿ, ಕಣಗಳು ನೀರು ಹೀರಿ ಉಬ್ಬಿ, ಗೋಡೆಯು ಸಡಿಲಾಗುವದು. ಗದ್ದೆಯಲ್ಲಿ ದಿನವಿಡೀ ಕಳೆ ತೆಗೆದ ಹೆಣ್ಣುಮಕ್ಕಳ ಕಾಲ್ಬೆರಳ ಸಂದಿಗಳು ಬೆಳ್ಳಗಾಗಿ ಒಡೆಯುವದನ್ನು ಯಾರೂ ಕಂಡಿರಬಹುದು. ಅಲ್ಲಿ ಹುಣ್ಣು ಮಾಡುವ ಜೀವಿಗಳು ಬೇರೆಯಾದರೂ ಅವುಗಳಿಗೆ ದಾರಿ ಕೊಡುವ ಕಾರಣವು ಒಂದೇ.

ಕುದುರೆಯಲ್ಲಿ ಈ ದಾರಿಯಿಂದ ನುಗ್ಗುವ ಜೀವಿಗಳಲ್ಲಿ ಮುಖ್ಯವಾದುದು ಡರ್ಮಾಟೋಫಿಲಸ್ ಕಾಂಗೋಲೆನ್ಸಿಸ್. ಮೊದಲನೆಯ ಪದಕ್ಕೆ ಚರ್ಮಪ್ರಿಯವೆಂದೇ ಅರ್ಥ. ೧೯೧೫ರಲ್ಲಿ ಬೆಲ್ಜಿಯಮ್ಮಿನ ಪಶುವೈದ್ಯ ವಾನ್ ಸಾಕೆಘೆಮನು ಕಾಂಗೋ ದೇಶದ ದನಗಳಲ್ಲಿ ಇದನ್ನು ಮೊದಲು ವರ್ಣಿಸಿದನು. ಇದರ ಜೀವನಕ್ರಮವು ಮಳೆಗಾಲಕ್ಕೆ ಹೊಂದಿಸಿ ಮಾಡಿದಂತಿದೆ. ಒಣ ಹಕ್ಕಳೆಯಲ್ಲಿ ಅದು ತಿಂಗಳುಗಟ್ಟಲೆ ನಿದ್ರಿಸುತ್ತಿರುವದು. ನೀರು ಸೋಕಿದ ಕೂಡಲೆ ಅದರ ಬೀಜಕಣಗಳು ಎಚ್ಚತ್ತು, ಬಾಲದಂಥ ತಂತುಗಳಿಂದ ಈಜತೊಡಗುವವು. ಚರ್ಮದಿಂದ ಸೂಸುವ ಇಂಗಾಲಾಮ್ಲವಾಯುವಿನ ಜಾಡನ್ನು ಹಿಡಿದು ಅವು ಚರ್ಮವನ್ನು ತಲಪುವವು. ಗೀರು ಸಿಕ್ಕಲ್ಲಿ ಮೊಳೆತು ಎಳೆಗಳಾಗಿ ಹೊರಪದರದೊಳಗೆ ಹಬ್ಬುವವು. ಶರೀರವು ಸುಮ್ಮನಿರುವದಿಲ್ಲ; ಬಿಳಿಯ ರಕ್ತಕಣಗಳನ್ನು ಕಳಿಸಿ ತಡೆಯುವದು, ಕೆಳಗೆ ಹೊಸ ಚರ್ಮವನ್ನು ಬೆಳೆಸುವದು. ಎಳೆಗಳು ಆ ಹೊಸ ಪದರಕ್ಕೂ ಇಳಿಯುವವು. ಮತ್ತೆ ಕೀವು, ಮತ್ತೆ ಪದರ. ಹೀಗೆ ಪದರಪದರವಾಗಿ ಕಟ್ಟಿದುದೇ ದಪ್ಪನಾದ ಹಕ್ಕಳೆ. ಅದನ್ನು ಕಿತ್ತರೆ ಕೂದಲ ಗೊಂಚಲು ಕುಂಚದಂತೆ ಜೊತೆಗೇ ಬರುವದು. ಕೆಳಗೆ ಕೆಂಪಾದ ಹಸಿ ಚರ್ಮವು ಕಾಣುವದು. ಹಕ್ಕಳೆಯ ಚೂರನ್ನು ನೀರಿನಲ್ಲಿ ಅರೆದು, ಬಣ್ಣ ಕೊಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೋಡುಸಾಲಾಗಿ ಪೋಣಿಸಿದ ಮಣಿಗಳಂತೆ ಈ ಜೀವಿಗಳು ತೋರುವವು. ಇದೇ ನಿಶ್ಚಿತವಾದ ಗುರುತು. ಕೀವು ಹುಟ್ಟಿಸುವ ಸ್ಟಾಫಿಲೊಕಾಕಸ್ ಜೀವಿಗಳೂ ಅನೇಕ ಸಲ ಇದರೊಡನೆ ಸೇರಿಕೊಂಡಿರುವವು, ಕೆಲವು ಕಾಲಕ್ಕೆ ಅವುಗಳೇ ಮುಖ್ಯ ಕಾರಣವಾಗಿರುವವು.

ಈ ಡರ್ಮಾಟೋಫಿಲಸ್ಸು ಕುದುರೆಗೆ ಮಾತ್ರ ಅಂಟಿಕೊಂಡುದಲ್ಲ. ದನ, ಕುರಿ, ಆಡುಗಳಿಗೂ ಇದು ಬರುವದು. ಕುರಿಯಲ್ಲಿ ಉಣ್ಣೆಯು ಗಂಟುಗಂಟಾಗಿ ಹಕ್ಕಳೆಗಟ್ಟುವದು. ಕುರಿಹಿಂಡಿನ ನಡುವೆಯೇ ಇರುಳು ಕಳೆಯುವ ತಟ್ಟುವಿಗೆ ಹಿಂಡಿನಿಂದ ರೋಗವು ಬರಬಹುದು; ತಟ್ಟುವಿನಿಂದ ಹಿಂಡಿಗೂ ಹೋಗಬಹುದು. ಕಚ್ಚುವ ನೊಣ, ಉಣ್ಣೆಹುಳಗಳೂ ಇದನ್ನು ಸಾಗಿಸುವವು. ಮನುಷ್ಯರ ಕೈಗೂ ಅಪರೂಪವಾಗಿ ಅಂಟುವದುಂಟು. ಆದುದರಿಂದ ಹುಣ್ಣನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು.

ರೋಗದ ಆರಂಭವನ್ನು ಕಣ್ಣಿಗಿಂತ ಕೈಯೇ ಮೊದಲು ತಿಳಿಯುವದು. ಹಿಂಗಾಲಿನ ಕುಳಿಯಲ್ಲಿ ಬೆರಳಾಡಿಸಿದರೆ ಕೂದಲ ಬುಡದಲ್ಲಿ ಸಾಸಿವೆಯಷ್ಟು ಗಾತ್ರದ ಗಂಟುಗಳು ತಗಲುವವು. ಮುಂದೆ ಕೂದಲು ಒಂದಕ್ಕೊಂದು ಅಂಟಿ, ಕೆಳಗೆ ಹಳದಿಯ ರಸ ಜಿನುಗಿ, ಹಕ್ಕಳೆ ಕಟ್ಟುವದು. ಗೊರಸಿನ ಹಿಂದಿನ ಮಡಿಕೆಯು ಅಡ್ಡಲಾಗಿ ಸೀಳಿದರೆ ಪ್ರತಿ ಹೆಜ್ಜೆಗೂ ಆ ಸೀಳು ಬಾಯಿ ತೆರೆಯುವದು. ಆಗ ಕುದುರೆ ಕಾಲು ಬಿಗಿಹಿಡಿದು ನಡೆಯುವದು, ಮುಟ್ಟಗೊಡುವದಿಲ್ಲ. ಬಿಳಿಗಾಲಿನ ಕುದುರೆಗಳಿಗೆ ಇದು ಹೆಚ್ಚು. ಬಣ್ಣವಿಲ್ಲದ ಚರ್ಮವು ಬಿಸಿಲಿಗೂ ಬೇಗ ಸುಡತಕ್ಕದ್ದು, ಸುಟ್ಟ ಚರ್ಮವು ಒದ್ದೆಗೆ ಬೇಗ ಒಡೆಯತಕ್ಕದ್ದು. ಒಂದೇ ಕುದುರೆಯ ಕರಿಯ ಕಾಲುಗಳು ನೆಟ್ಟಗಿದ್ದು ಬಿಳಿಯ ಕಾಲಿಗೆ ಮಾತ್ರ ಹುಣ್ಣಾಗಿದ್ದರೆ ಬಿಸಿಲಿನ ಪಾಲನ್ನೂ ವಿಚಾರಿಸಬೇಕು.

ಮಳೆಗಾಲದಲ್ಲಿ ಕುದುರೆಯ ಕಾಲಿಗೆ ಬಂದ ಹುಣ್ಣೆಲ್ಲವೂ ಕೆಸರುಹುಣ್ಣಲ್ಲ. ಈ ವಿವೇಕವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವದು ಅವಶ್ಯ. ಏಕೆಂದರೆ ಇಲ್ಲಿ ತಪ್ಪಿದರೆ ಕುದುರೆಯ ಪ್ರಾಣಕ್ಕೂ, ಒಂದು ಸಂದರ್ಭದಲ್ಲಿ ಮನುಷ್ಯನ ಪ್ರಾಣಕ್ಕೂ ಅಪಾಯವುಂಟು. ಹಿಂದುಸ್ತಾನದ ಲಷ್ಕರಿ ಪಶುವೈದ್ಯರು ೧೯ನೆಯ ಶತಮಾನದಲ್ಲಿ 'ಬರಸಾತಿ' ಎಂಬ ರೋಗವನ್ನು ಬಹಳವಾಗಿ ಚರ್ಚಿಸಿದರು. ಬರಸಾತವೆಂದರೆ ಹಿಂದಿಯಲ್ಲಿ ಮಳೆಗಾಲ. ಆ ಒಂದೇ ಹೆಸರಿನ ಕೆಳಗೆ ಎರಡು ಬೇರೆ ರೋಗಗಳು ಅಡಗಿದ್ದವೆಂದು ಮುಂದೆ ತಿಳಿದುಬಂದಿತು. ಒಂದು, ನೊಣಗಳು ಗಾಯದಲ್ಲಿ ಬಿಟ್ಟುಹೋಗುವ ಹೆಬ್ರೊನೀಮಾ ಎಂಬ ಹುಳುವಿನ ಮರಿಗಳಿಂದಾದುದು. ಇನ್ನೊಂದು, ನಿಂತ ನೀರಿನಲ್ಲಿರುವ ಪೈಥಿಯಮ್ ಎಂಬ ಶಿಲೀಂಧ್ರಸದೃಶ ಜೀವಿಯಿಂದಾದುದು. ಈ ಎರಡನೆಯದು ಅತಿ ಕ್ರೂರವಾದುದು. ಹುಣ್ಣು ಹಕ್ಕಳೆಗಟ್ಟದೆ ಮಾಂಸವಾಗಿ ಉಬ್ಬುತ್ತ ಹೋಗುವದು, ವಿಪರೀತ ಕೆರೆತವಿರುವದು, ಒಳಗೆ ಹವಳದ ಚೂರಿನಂಥ ಹಳದಿಯ ಹರಳುಗಳು ಸಿಕ್ಕುವವು. ಹಿಂದಿಯಲ್ಲಿ ಹರಳಿಗೆ ಕಂಕರವೆನ್ನುವರು. ಆ ಪದವೇ 'ಕುಂಕರ್' ಎಂದು ರೂಪಾಂತರ ಹೊಂದಿ, ಇಂದಿಗೂ ಪಾಶ್ಚಾತ್ಯ ಪಶುವೈದ್ಯ ಗ್ರಂಥಗಳಲ್ಲಿ ಆ ಹರಳುಗಳಿಗೆ ಹೆಸರಾಗಿ ನಿಂತಿದೆ. ಈ ನಾಡಿನ ದಾರಿಯ ಕಲ್ಲೊಂದು ಇಷ್ಟು ದೂರ ನಡೆದುದು ಸೋಜಿಗವೇ. ಇಂಥ ಹುಣ್ಣಿಗೆ ಮುಲಾಮು ಹಚ್ಚುತ್ತ ಕೂಡುವದು ಕಾಲಹರಣ. ಶಸ್ತ್ರಚಿಕಿತ್ಸೆಯ ವಿಚಾರವನ್ನು ಬೇಗ ಮಾಡಬೇಕಾಗುವದು.

ಮೂರನೆಯದು ಗ್ಲ್ಯಾಂಡರ್ಸ್. ಇದರ ಚರ್ಮರೂಪದಲ್ಲಿ, ವಿಶೇಷವಾಗಿ ಹಿಂಗಾಲಿನ ಒಳಮಗ್ಗುಲಲ್ಲಿ, ದಾರಕ್ಕೆ ಗಂಟು ಹಾಕಿದಂತೆ ಸಾಲಾಗಿ ಮೇಲಕ್ಕೇರುವ ಗಂಟುಗಳು ಎದ್ದು ಒಡೆದು ಜೇನಿನಂಥ ಕೀವನ್ನು ಸುರಿಸುವವು; ಮೂಗಿನಿಂದಲೂ ಕೀವು ಬರಬಹುದು. ಇದು ಮನುಷ್ಯರಿಗೆ ಹರಡತಕ್ಕದ್ದು ಮತ್ತು ಮಾರಕವಾದುದು. ಇದಕ್ಕಾಗಿ ೧೮೯೯ರಲ್ಲಿಯೇ ಪ್ರತ್ಯೇಕ ಕಾಯದೆ ಆಗಿದ್ದಿತು. ಈಗ ೨೦೦೯ರ ಪಶುಗಳ ಸಾಂಕ್ರಾಮಿಕ ರೋಗಗಳ ಕಾಯದೆಯು ಆ ಸ್ಥಾನದಲ್ಲಿದೆ. ಸಂಶಯ ಬಂದ ಕೂಡಲೆ ಸರಕಾರದ ಪಶುವೈದ್ಯರಿಗೆ ತಿಳಿಸಲೇಬೇಕು. ೨೦೦೬ರಿಂದೀಚೆಗೆ ಭಾರತದಲ್ಲಿ ಈ ರೋಗವು ಮತ್ತೆ ಕಾಣಿಸಿಕೊಂಡಿರುವದರಿಂದ ಇದನ್ನು ಹಳೆಯ ಕಾಲದ ಪಿಡುಗೆಂದು ಅಲಕ್ಷಿಸಲಾಗದು. ಕೆಸರುಹುಣ್ಣು ಸಾಮಾನ್ಯವಾಗಿ ಕುಳಿಯಿಂದ ಕಣಕಾಲಿನ ವರೆಗೆ ಅಗಲವಾಗಿ ಹಬ್ಬುವದು, ದಾರ ಹಿಡಿದಂತೆ ಏರುವದಿಲ್ಲ. ಈ ಒಂದು ಗುರುತನ್ನು ಕುದುರೆ ಸಾಕುವ ಪ್ರತಿಯೊಬ್ಬನೂ ನೆನಪಿಡಬೇಕು.

ಚಿಕಿತ್ಸೆಯಲ್ಲಿ ಮೊದಲನೆಯದು ಔಷಧವಲ್ಲ, ಸ್ಥಳ. ಕುದುರೆಯನ್ನು ರಾಡಿಯಿಂದ ತಂದು ಒಣ ನೆಲದ ಮೇಲೆ ಕಟ್ಟಬೇಕು. ಮೇಲೆ ಮಾಡು, ಕೆಳಗೆ ನೀರು ನಿಲ್ಲದ ಗರಸು, ಅದರ ಮೇಲೆ ಒಣಹುಲ್ಲು, ಇಷ್ಟಿದ್ದರೆ ಸಾಕು. ಈ ಏರ್ಪಾಡಿಲ್ಲದೆ ಎಂಥ ಬೆಲೆಯುಳ್ಳ ಮುಲಾಮು ಹಚ್ಚಿದರೂ ವ್ಯರ್ಥ. ಸೌಮ್ಯವಾದ ಹುಣ್ಣು ಒಣ ನೆಲದಲ್ಲಿ ತಾನಾಗಿಯೇ ಮಾಯುವದೂ ಉಂಟು.

ಎರಡನೆಯದು ಹಕ್ಕಳೆಯನ್ನು ತೆಗೆಯುವದು. ಹುಣ್ಣಿನ ಸುತ್ತಲಿನ ಕೂದಲನ್ನು ಕತ್ತರಿಯಿಂದ ಮೆಲ್ಲಗೆ ಕತ್ತರಿಸಬೇಕು. ಕಾಲಿನ ಕೂದಲು ಚರ್ಮದ ರಕ್ಷಣೆಗಾಗಿ ಇರುವದೆಂಬುದು ನಿಜ; ಇಂಗ್ಲಂಡದಲ್ಲಿ ಬೇಟೆಯ ಕುದುರೆಗಳ ಮೈಗೂದಲನ್ನು ಕತ್ತರಿಸುವಾಗ ಕಾಲಿನ ಕೂದಲನ್ನು ಹಾಗೆಯೇ ಬಿಡುವ ರೂಢಿಯಿರುವದು ಇದಕ್ಕಾಗಿಯೇ. ಆದರೆ ಹುಣ್ಣಾದ ಮೇಲೆ ಅದೇ ಕೂದಲು ಒದ್ದೆಯನ್ನೂ ಕೀವನ್ನೂ ಹಿಡಿದಿಡುವದು. ಆದುದರಿಂದ ಹುಣ್ಣಿದ್ದಲ್ಲಿ ಕತ್ತರಿಸಬೇಕು, ಇಲ್ಲದಲ್ಲಿ ಬಿಡಬೇಕು. ಗಟ್ಟಿಯಾಗಿ ಹತ್ತಿದ ಹಕ್ಕಳೆಯನ್ನು ಉಗುರಿನಿಂದ ಕೀಳಲಾಗದು. ಕಿತ್ತರೆ ಹೊಸ ಗಾಯವಾಗುವದು, ಕುದುರೆಗೆ ಅಸಹ್ಯ ನೋವಾಗಿ ಮರುದಿನ ಕಾಲು ಕೊಡದು, ಒದೆಯಲೂಬಹುದು. ರಾತ್ರಿ ವ್ಯಾಸಲೀನಿನಂಥ ಸೌಮ್ಯ ಜಿಡ್ಡನ್ನು ದಪ್ಪಗೆ ಹಚ್ಚಿ, ಸ್ವಚ್ಛವಾದ ಅರಿವೆಯಿಂದ ಸಡಿಲಾಗಿ ಸುತ್ತಿಟ್ಟರೆ ಬೆಳಗಿಗೆ ಹಕ್ಕಳೆ ಮೆತ್ತಗಾಗಿ ಬಿಟ್ಟುಬರುವದು. ಆಗ ಉಗುರುಬೆಚ್ಚಗಿನ ನೀರಿನಿಂದಲೂ ಪಶುವೈದ್ಯರು ಕೊಡುವ ಕ್ಲೋರ್‌ಹೆಕ್ಸಿಡಿನ್ ದ್ರವದಿಂದಲೂ ತೊಳೆಯಬೇಕು. ನೂರಕ್ಕೆ ೨ರಿಂದ ೪ ಪಾಲು ಬಲದ ನೊರೆದ್ರಾವಣವನ್ನು ಹಚ್ಚಿ ಸುಮಾರು ೧೦ ನಿಮಿಷ ಹಾಗೆಯೇ ಬಿಡುವದು ಅವಶ್ಯ. ಹಚ್ಚಿದ ಕೂಡಲೆ ತೊಳೆದುಬಿಟ್ಟರೆ ಔಷಧಕ್ಕೆ ಕೆಲಸ ಮಾಡುವ ಅವಕಾಶವೇ ಇಲ್ಲ. ಬಳಿಕ ಶುದ್ಧ ನೀರಿನಿಂದ ತೊಳೆದು ಒಣ ಅರಿವೆಯಿಂದ ಒತ್ತಿ ಒತ್ತಿ ಒರೆಸಬೇಕು, ಉಜ್ಜಬಾರದು. ಮಡಿಕೆಯೊಳಗೆ ತೇವ ಉಳಿಯಿತೆಂದರೆ ಮಾಡಿದ ಕೆಲಸವೆಲ್ಲ ತಿರುಗುಮುರುಗಾಯಿತು. ಪೂರ್ಣ ಒಣಗಿದ ಮೇಲೆಯೇ ಮುಲಾಮು.

ಉದುರಿದ ಹಕ್ಕಳೆಯನ್ನು ನೆಲಕ್ಕೆ ಬಿಡಲಾಗದು. ಅದು ರೋಗಬೀಜದ ಚೀಲ. ಕೂಡಿಸಿ ಸುಡಬೇಕು. ಮೊದಲ ನಾಲ್ಕೈದು ದಿನ ನಿತ್ಯವೂ, ಅನಂತರ ಹುಣ್ಣು ಒಣಗತೊಡಗಿದಂತೆ ಎರಡು ಮೂರು ದಿನಕ್ಕೊಮ್ಮೆಯೂ ಹೀಗೆ ಮಾಡಿದರೆ ಸಾಕು. ಮಾಯುತ್ತಿರುವ ಹುಣ್ಣನ್ನು ದಿನಾಲು ತೊಳೆಯುವದು ಪ್ರೀತಿಯ ಅತಿರೇಕವೇ ಹೊರತು ಚಿಕಿತ್ಸೆಯಲ್ಲ.

ಹಳ್ಳಿಗಳಲ್ಲಿ ಕೈಗೆ ಸಿಕ್ಕುವ ಮದ್ದುಗಳ ವಿಷಯವಾಗಿ ಎರಡು ಮಾತು. ಬೇವಿನೆಣ್ಣೆ, ಹೊಂಗೆಯೆಣ್ಣೆಗಳು ನೊಣವನ್ನು ದೂರವಿಡುವವು. ಆದರೆ ಒದ್ದೆಯ ಚರ್ಮದ ಮೇಲೆ ಎಣ್ಣೆ ಬಳಿದರೆ ತೇವವು ಒಳಗೇ ಸೆರೆಯಾಗುವದು. ಒಣಗಿದ ಚರ್ಮಕ್ಕೆ ಹಚ್ಚಿದಾಗ ಮಾತ್ರ ಅವು ನೀರನ್ನು ತಡೆಯುವವು. ಸೀಮೆಯೆಣ್ಣೆ, ಫಿನಾಯಿಲು, ಬ್ಯಾಟರಿಯ ಆಮ್ಲ ಮೊದಲಾದವುಗಳನ್ನು ಎಂದೂ ಸೋಕಿಸಲಾಗದು; ಅವು ಹುಳವನ್ನು ಸುಡುವ ಮೊದಲು ಚರ್ಮವನ್ನು ಸುಡುವವು.

ಕಾಲು ಬಾತು ಬಿಸಿಯಾದರೆ, ಕುದುರೆ ಕುಂಟಿದರೆ, ಮೇವು ಬಿಟ್ಟರೆ, ಜ್ವರ ಬಂದರೆ, ಇಲ್ಲವೆ ಒಂದು ವಾರದ ಆರೈಕೆಯಿಂದ ಗುಣ ಕಾಣದಿದ್ದರೆ ದನದ ದವಾಖಾನೆಗೆ ಒಯ್ಯಲೇಬೇಕು. ಡರ್ಮಾಟೋಫಿಲಸ್ ಜೀವಿಯು ಪೆನಿಸಿಲಿನ್ನಿಗೆ ಬಗ್ಗತಕ್ಕದ್ದು. ಆದರೆ ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಣಯಿಸಬೇಕು. ಇದಕ್ಕಿಂತಲೂ ಮುಖ್ಯವಾದುದು ಧನುರ್ವಾಯು. ಸಾಕುಪ್ರಾಣಿಗಳಲ್ಲಿ ಕುದುರೆಯಷ್ಟು ಬೇಗ ಧನುರ್ವಾಯುವಿಗೆ ಬಲಿಯಾಗುವ ಪ್ರಾಣಿ ಇನ್ನೊಂದಿಲ್ಲ. ಅದರ ಬೀಜವು ಮಣ್ಣಿನಲ್ಲಿಯೂ ಲದ್ದಿಯಲ್ಲಿಯೂ ಇರುವದು. ಕೆಸರಿನಲ್ಲಿ ನಿಂತ ಒಡೆದ ಕಾಲು ಅದಕ್ಕೆ ಸುಲಭವಾದ ದಾರಿ. ಅದು ಒಮ್ಮೆ ಹಿಡಿದರೆ ಉಳಿಯುವ ಕುದುರೆಗಳು ಕಡಿಮೆ. ಆದುದರಿಂದ ಹುಣ್ಣಿನ ಕುದುರೆಗೆ ಧನುರ್ವಾಯುವಿನ ಲಸಿಕೆ ಹಿಂದೆ ಆಗಿದೆಯೋ ಇಲ್ಲವೋ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಕುರಿಗಳಿಗೆ ತಪ್ಪದೆ ಲಸಿಕೆ ಹಾಕಿಸುವ ಕುರಿಗಾರರು ತಟ್ಟುವನ್ನು ಮಾತ್ರ ಮರೆಯಬಾರದು.

ನಿವಾರಣೆಯ ಭಾಗದಲ್ಲಿ ಎಲ್ಲಕ್ಕೂ ಮೇಲಾದ ಪ್ರಶ್ನೆ, ಸಂಜೆಗೆ ಕೆಸರುಗಾಲಿನಿಂದ ಬಂದ ಕುದುರೆಯನ್ನು ಏನು ಮಾಡಬೇಕೆಂಬುದು. ಹಳ್ಳಕ್ಕೆ ಇಳಿಸಿ ತೊಳೆಯುವದು ಸಹಜವಾಗಿ ತೋರುವದು; ಸ್ವಚ್ಛತೆಯೇ ಆರೋಗ್ಯವೆಂಬುದು ಎಲ್ಲರೂ ಕಲಿತ ಪಾಠ. ಆದರೆ ಕುದುರೆಯನ್ನು ತೊಳೆದವರಲ್ಲಿ ಅದನ್ನು ಒಣಗಿಸುವವರು ಎಷ್ಟು ಜನ? ಹನಿ ಹಿಡಿದ ಸಂಜೆಯಲ್ಲಿ ತೊಳೆದ ಕಾಲು ಬೆಳಗಿನ ವರೆಗೂ ಒದ್ದೆಯಾಗಿಯೇ ಉಳಿಯುವದು. ತಿಕ್ಕಿದುದರಿಂದ ಮಣ್ಣಿನ ಹರಳು ಚರ್ಮಕ್ಕೆ ಉಜ್ಜಿ ಗೀರಾಗುವದು; ತೊಳೆದುದರಿಂದ ಜಿಡ್ಡು ಹೋಗುವದು; ಹಳ್ಳದ ನೀರಿನಿಂದ ಬೇರೆ ಪ್ರಾಣಿಗಳ ರೋಗಬೀಜವೂ ಬರಬಹುದು. ರೋಗಕ್ಕೆ ಬೇಕಾದ ಮೂರೂ ಸಾಮಗ್ರಿಗಳು ಒಂದೇ ಸಲಕ್ಕೆ ಒದಗಿದಂತಾಯಿತು. ಇದಕ್ಕಿಂತ ಕೆಸರನ್ನು ಹಾಗೆಯೇ ಬಿಟ್ಟು, ಒಣಹುಲ್ಲಿನ ಹಿಡಿಯಿಂದ ಮೇಲಿನ ರಾಡಿಯನ್ನು ಒರೆಸಿ, ಒಣ ನೆಲದಲ್ಲಿ ಕಟ್ಟಿ, ಬೆಳಗಿಗೆ ಒಣಗಿದ ಮಣ್ಣನ್ನು ಮೃದುವಾದ ಕುಂಚದಿಂದ ಕೂದಲಿನ ದಿಕ್ಕಿಗೆ ಝಾಡಿಸುವದು ಉತ್ತಮ. ಕಬ್ಬಿಣದ ಖರಾರವನ್ನು ಮೊಣಕಾಲಿನ ಕೆಳಗೆ ಆಡಿಸಲಾಗದು. ತೊಳೆಯಲ��ಬೇಕಾದ ಪ್ರಸಂಗದಲ್ಲಿ, ಗಾಯವಾದಾಗ ಇಲ್ಲವೆ ಕಾಲಿಗೆ ಗೊಬ್ಬರ ಗಂಜಳ ಹತ್ತಿದಾಗ, ಶುದ್ಧ ನೀರಿನಿಂದ ತಿಕ್ಕದೆ ತೊಳೆದು ಪೂರ್ಣವಾಗಿ ಒರೆಸಬೇಕು. ತಣ್ಣೀರು ಸುರಿದು ಬಿಡುವದು ತೊಳೆದಂತಲ್ಲ, ನೆನೆಸಿದಂತೆ.

ಬಮ್ಮಿಗಟ್ಟಿಯಂಥ ನೆಲದಲ್ಲಿ ಕುದುರೆ ಕಟ್ಟುವ ಜಾಗವನ್ನು ಮಳೆ ಬೀಳುವ ಮೊದಲೇ ಸಿದ್ಧಪಡಿಸಬೇಕು. ಸುತ್ತಲಿನ ನೆಲಕ್ಕಿಂತ ಒಂದು ಗೇಣು ಎತ್ತರಿಸಿ, ಗರಸು ಹಾಕಿ ಬಡಿದು, ಹಿಂದಕ್ಕೆ ಸ್ವಲ್ಪ ಇಳಿಜಾರು ಕೊಟ್ಟರೆ ಗಂಜಳವೂ ಮಳೆನೀರೂ ಹರಿದುಹೋಗುವವು. ಗೋದಲಿಯ ಮುಂದೆಯೂ ನೀರು ಕುಡಿಸುವ ತೊಟ್ಟಿಯ ಸುತ್ತಲೂ ಪ್ರಾಣಿಗಳ ತುಳಿತದಿಂದ ರಾಡಿ ಏಳುವದು ಸಹಜ. ಇರುವ ಗರಸು ಸ್ವಲ್ಪವೇ ಆದರೆ ಅದನ್ನು ಮೊದಲು ಅಲ್ಲಿಯೇ ಹಾಕಬೇಕು. ನೆಲಕ್ಕೆ ಹಾಸಿದ ಹುಲ್ಲು ಒದ್ದೆಯಾದ ದಿನವೇ ತೆಗೆಯಬೇಕು. ಹೀಗೆ ಮಾಡಿದರೆ ಗೊರಸಿನ ತಳ ಕೊಳೆಯುವ ರೋಗವೂ ದೂರವಾಗುವದು. ಅದೂ ಕೆಸರುಹುಣ್ಣೂ ಒಂದೇ ಕಟ್ಟೆಯ ನೆರೆಹೊರೆಯವು.

ಸಂಚಾರದಲ್ಲಿರುವ ತಟ್ಟುವಿಗೆ ಕಟ್ಟೆಯಿಲ್ಲ, ಮಾಡಿಲ್ಲ. ಕುರಿಗಾರರು ಮಳೆಗಾಲದಲ್ಲಿ ಒಣಸೀಮೆಯ ಕಡೆಗೂ ಸುಗ್ಗಿಯ ತರುವಾಯ ಗದ್ದೆಸೀಮೆಯ ಕಡೆಗೂ ತಿರುಗುವ ರೂಢಿಯು ಕುರಿಯ ಗೊರಸಿನ ಹಿತಕ್ಕೆ ಹೊಂದಿಕೊಂಡುದು; ಅದು ತಟ್ಟುವಿನ ಕಾಲನ್ನೂ ಕಾದಿದೆ. ಅಕಾಲದ ಮಳೆ ಬಂದಾಗ ಮಾತ್ರ ಎಚ್ಚರ ಬೇಕು. ಹಟ್ಟಿ ಇಳಿಸುವಾಗ ದಿಬ್ಬದ ನೆಲವನ್ನು ತಟ್ಟುವಿಗೆ ಬಿಡುವದು, ಹೇರು ಇಳಿಸಿದ ಕೂಡಲೆ ನಾಲ್ಕು ಕಾಲುಗಳ ಕುಳಿಯನ್ನೂ ಬೆರಳಿನಿಂದ ಸವರಿ ನೋಡುವದು, ಇವಕ್ಕೆ ಖರ್ಚಿಲ್ಲ. ಮುಂಗಾಲಿಗೆ ಕಟ್ಟುವ ಹಗ್ಗವು ಒದ್ದೆಯಾದಾಗ ಬಿಗಿದು ಚರ್ಮವನ್ನು ಕೊರೆಯುವದು. ಅದನ್ನು ಬದಲಿಸುವದು, ಇಲ್ಲವೆ ಅದಕ್ಕೆ ಹಳೆಯ ಅರಿವೆ ಸುತ್ತುವದು ಅವಶ್ಯ. ಎಷ್ಟೋ ಸಲ ಮೊದಲನೆಯ ಗೀರು ಹುಟ್ಟುವದು ಅಲ್ಲಿಯೇ. ಒಂದು ಕುದುರೆಗೆ ಬಳಸಿದ ಕುಂಚ, ಅರಿವೆ, ಹಗ್ಗಗಳನ್ನು ಹುಣ್ಣಿಲ್ಲದ ಇನ್ನೊಂದಕ್ಕೆ ಬಳಸಲಾಗದು.

ರಾಡಿಗೆ ಇಳಿಯುವ ಮೊದಲು ಕಾಲಿಗೆ ಜಿಡ್ಡು ಹಚ್ಚುವ ಪದ್ಧತಿಯು ಹಲವು ದೇಶಗಳಲ್ಲಿದೆ. ಚರ್ಮವು ಸ್ವಚ್ಛವಾಗಿ ಒಣಗಿದ್ದು, ಹುಣ್ಣಿಲ್ಲದಿದ್ದರೆ ಇದು ಹಿತಕರ. ಸತುವಿನ ಭಸ್ಮ ಸೇರಿದ ಮುಲಾಮು ಬಿಳಿಗಾಲಿಗೆ ಬಿಸಿಲಿನಿಂದಲೂ ರಕ್ಷಣೆ ಕೊಡುವದು.

ಚಿತ್ತಾ ಮಳೆ ಕಳೆದು ನೆಲ ಒಣಗಿದ ಮೇಲೆ ಹುಣ್ಣುಗಳು ತಾವಾಗಿಯೇ ಅಡಗುವವು; ಕೂದಲು ಮರಳಿ ಬರುವದು. ಆಗ ಈ ರೋಗದ ಮಾತನ್ನು ಎಲ್ಲರೂ ಮರೆಯುವರು. ಆದರೆ ಕಟ್ಟೆಯ ಸಂದಿಗಳಲ್ಲಿಯೂ ಹಳೆಯ ಜೂಲಿನ ಮಡಿಕೆಯಲ್ಲಿಯೂ ಖರಾರದ ಹಲ್ಲುಗಳ ನಡುವೆಯೂ ಉದುರಿದ ಹಕ್ಕಳೆಯ ಪುಡಿಯು ಉಳಿದೇ ಇರುವದು. ಬೇಸಿಗೆಯಲ್ಲಿ ಕಟ್ಟೆಯ ಮೇಲ್ಮಣ್ಣನ್ನು ಕೆರೆದು ತೆಗೆದು ಹೊಸ ಗರಸು ಹಾಕುವದು, ಸಾಮಾನುಗಳನ್ನು ತೊಳೆದು ಸುಡುಬಿಸಿಲಿಗೆ ಹರಡುವದು, ಹಳೆಯ ಹಗ್ಗವನ್ನು ಸುಡುವದು, ಇಷ್ಟು ಕೆಲಸವು ಮೃಗಶಿರಾ ಮಳೆಯ ಮೊದಲನೆಯ ಹನಿ ಬೀಳುವದರೊಳಗೆ ಮುಗಿದಿರಬೇಕು.